ಸೊಂಟ ಬೇರೆ, ಹೊಟ್ಟೆ ಬೇರೆ

ನಲವತ್ತೇಳನೇ ಇಸವಿಯ ಬೇಸಿಗೆ. ಮೂಡಲಕುಂಟೆಯ ಮುನಿಶಾಮಪ್ಪನಿಗೆ ಉಳುಮೆ ಅಂದರೆ ಸಾಕಪ್ಪಾ ಸಾಕು ಅನ್ನಿಸಿಬಿಟ್ಟಿತ್ತು. ವಯಸ್ಸು ಐವತ್ತರ ಹತ್ತಿರ. ಕುಕ್ಕರಗಾಲಲ್ಲಿ ಕೂತರೆ ಏಳೋಕೆ ಗೋಡೆ ಹಿಡೀಬೇಕು. ಇಬ್ಬರು ಉಳೋ ಹೊಲವನ್ನ ಒಬ್ಬನೇ ಉಳಬೇಕು. ಮನೇಲಿ ಇನ್ನೊಬ್ಬ ಗಂಡಸು ಇರಲಿಲ್ಲವಾ ಅಂದರೆ, ಇದ್ದ. ಒಡಹುಟ್ಟಿದ ತಮ್ಮ ಲಕ್ಷ್ಮಯ್ಯ. ಯುದ್ಧ ಮುಗಿಸಿಕೊಂಡು ಬಂದು ವರ್ಷವಾಗಿತ್ತು, ಬಂದಾಗಿನಿಂದ ಜಗಲಿ ಮೇಲೆ ಗೋಡೆಗೆ ಬೆನ್ನು ಕೊಟ್ಟು ಕೂತಿದ್ದ.

ಕೂತಿರೋದನ್ನ ನೋಡಿದರೆ ಇವನಿಗೆ ಏನಾಗಿದೆ ಧಾಡಿ ಅನ್ನಬೇಕು, ಹಾಗಿದ್ದ. ಕೈ ಇದೆ, ಕಾಲಿದೆ, ಕಣ್ಣಿದೆ. ಪಕ್ಕದ ಊರಿನ ದೊಡ್ಡಬೀರಪ್ಪನ ಮಗ ಬರ್ಮಾ ಗಡಿಯಲ್ಲಿ ಒಂದು ಕಾಲು ಕಳಕೊಂಡು ಬಂದಿದ್ದ. ಅವನನ್ನ ಯಾರೂ ಏನೂ ಕೇಳುತ್ತಿರಲಿಲ್ಲ. ಕಾಲಿಲ್ಲ, ಕಣ್ಣಿಗೆ ಕಾಣುತ್ತೆ, ಅಲ್ಲಿಗೆ ಮಾತು ಮುಗೀತು. ಲಕ್ಷ್ಮಯ್ಯನಿಗೆ ಇದ್ದದ್ದು ನೋವು. ಅದನ್ನ ಯಾರ ಮುಂದೆ ತೆಗೆದು ತೋರಿಸ್ತಾನೆ ಪಾಪ?

ಆಗಿದ್ದು ಇಷ್ಟು. ಅವನು ಸೇರಿದ್ದು ರಸ್ತೆ ಕಡಿಯೋ ಪಲ್ಟನ್ನು. ಅಸ್ಸಾಮಿನ ಬೆಟ್ಟದಲ್ಲಿ ಕಲ್ಲು ತುಂಬಿದ ಲಾರಿ ಹಳ್ಳಕ್ಕೆ ಮಗುಚಿಕೊಂಡಾಗ ಅವನು ಮೇಲೆ ಕೂತಿದ್ದ. ಸೊಂಟಕ್ಕೆ ಪೆಟ್ಟಾಯಿತು. ಆಸ್ಪತ್ರೆಯಲ್ಲಿ ಮಲಗಿಸಿ, ಎಬ್ಬಿಸಿ, ಮತ್ತೆ ಕೆಲಸಕ್ಕೆ ಕಳಿಸಿದರು. ಮಾರನೇ ಮಳೆಗಾಲದಲ್ಲಿ ಕೆಟ್ಟ ನೀರು ಕುಡಿದು ರಕ್ತಭೇದಿ ಹಿಡಕೊಂಡಿತು. ಅದು ನಿಂತಿತು ಅಂದರೆ ನಿಂತಿತು, ಇಲ್ಲ ಅಂದರೆ ಇಲ್ಲ. ಈಗಲೂ ಮುದ್ದೆ ಉಂಡರೆ ಒಳಗೆ ಹಿಂಡಿ ಹಾಕಿದ ಹಾಗಾಗಿ ಬೇಲಿ ಮರೆಗೆ ಓಡಬೇಕು. ಓಡೋಣ ಅಂದರೆ ಸೊಂಟ ಓಡಗೊಡಲ್ಲ. ಸೊಂಟಕ್ಕೆ ಅಂತ ಮಿಲಿಟರಿಯವರು ಕೊಟ್ಟ ಮಾತ್ರೆ ನುಂಗಿದರೆ ಹೊಟ್ಟೆಗೆ ಬೆಂಕಿ ಬೀಳೋದು. ಹೊಟ್ಟೆ ಸುಮ್ಮನಿರಲಿ ಅಂತ ಗಂಜಿ ಕುಡಿದು ಮಲಗಿದರೆ ಬೆಳಿಗ್ಗೆ ಸೊಂಟ ಕೊರಡಾಗಿರೋದು. ಒಂದಕ್ಕೆ ಮದ್ದು ಮಾಡಿದರೆ ಇನ್ನೊಂದಕ್ಕೆ ಸಿಟ್ಟು, ಸವತಿಯರ ಹಾಗೆ.

ಮುನಿಶಾಮಪ್ಪ ಇದನ್ನೆಲ್ಲ ನಂಬಿರಲಿಲ್ಲ ಅಂತಲ್ಲ. ಅರ್ಧ ನಂಬಿದ್ದ. ಇನ್ನರ್ಧ ಸುಸ್ತಾಗಿತ್ತು. ನೇಗಿಲು ಹೊತ್ತು ಹೊರಟ ದಿನವೇ ತಮ್ಮನ ಸೊಂಟ ಹಿಡಕೊಂಡರೆ, ಹಬ್ಬದ ಊಟಕ್ಕೆ ಕೂತ ದಿನವೇ ಹೊಟ್ಟೆ ಹಿಡಕೊಂಡರೆ, ಮನುಷ್ಯ ಎಷ್ಟು ದಿನ ಅಂತ ನಂಬ್ತಾನೆ? ಒಂದು ದಿನ ಅರಳಿಕಟ್ಟೆ ಮೇಲೆ ಬಾಯಿ ಜಾರಿ ಅಂದೇಬಿಟ್ಟ. "ನಮ್ ಲಕ್ಷ್ಮುಂಗೆ ಉಳೋ ದಿನ ಸೊಂಟ, ಉಣ್ಣೋ ದಿನ ಹೊಟ್ಟೆ ಕಣ್ರಪ್ಪಾ." ಕೂತಿದ್ದೋರೆಲ್ಲ ಹೊಟ್ಟೆ ಹುಣ್ಣಾಗೋ ಹಾಗೆ ನಕ್ಕರು. ಮಾತು ಊರೆಲ್ಲ ಸುತ್ತಿ, ಸಂಜೆ ಹೊತ್ತಿಗೆ ಜಗಲಿಗೂ ಬಂತು. ಲಕ್ಷ್ಮಯ್ಯ ಕೇಳಿಸಿಕೊಂಡ. ಅವನು ಯಾವತ್ತೂ ಏನೂ ಅನ್ನೋನಲ್ಲ. ಮುನಿಶಾಮಪ್ಪನಿಗೆ ಮಾತ್ರ ಆಮೇಲೆ ಅದು ಚುಚ್ಚುತ್ತಲೇ ಇತ್ತು.

ಮುನಿಶಾಮಪ್ಪನ ಹೆಂಡತಿ ಸಪ್ಪಲಮ್ಮ ಬಾಯಿಗೆ ಬಂದದ್ದನ್ನ ಹೊಟ್ಟೇಲಿ ಇಟ್ಟುಕೊಳ್ಳೋ ಹೆಂಗಸಲ್ಲ. "ಭಾಗ ಮಾಡ್ಬಿಡು," ಅಂದಳು. "ಅವನ ಪಾಲು ಅವನಿಗೆ. ಉಳ್ತಾನೋ, ಬೀಳು ಬಿಡ್ತಾನೋ, ಅವನುಂಟು ಅವನ ಹೆಂಡ್ತಿ ಉಂಟು. ನಿನ್ ಮೈ ಏನು ಕಬ್ಬಿಣದ್ದಾ? ನೀನು ಬಿದ್ರೆ ನಮ್ಮನ್ನ ಯಾರು ನೋಡೋರು?"

"ಅವನ ಕೈಲಿ ಆಗಲ್ಲ ಅಂತಾನಲ್ಲೇ."

"ಅಂತಾನೆ. ನಂಗೂ ದಿನಾ ಹಂಗೇ ಅನ್ಸುತ್ತೆ, ಅಂದ್ಬಿಟ್ಟು ಕೂತ್ಕೊಳ್ಳಾ?"

ಅವಳು ಹೇಳೋದರಲ್ಲೂ ಸುಳ್ಳೇನಿರಲಿಲ್ಲ. ಲಕ್ಷ್ಮಯ್ಯನ ಹೆಂಡತಿ ಸೊಣ್ಣಮ್ಮ ಕಳೆ ಕಿತ್ತು, ದನ ನೋಡಿ, ಗಂಡನ ಪಾಲಿನ ಕೆಲಸವನ್ನೂ ಮೈಮೇಲೆ ಹಾಕಿಕೊಂಡು ಒದ್ದಾಡುತ್ತಿದ್ದಳು ಸರಿ, ಆದರೆ ನೇಗಿಲು ಹಿಡಿಯೋಕೆ ಗಂಡಸೇ ಬೇಕಲ್ಲ. ಬೇರೆ ಒಲೆ ಆಯಿತು ಅಂದರೆ ಅವರಿಬ್ಬರೂ ಮಣ್ಣು ತಿನ್ನಬೇಕು. ಇದು ಮುನಿಶಾಮಪ್ಪನಿಗೆ ಚೆನ್ನಾಗಿ ಗೊತ್ತಿತ್ತು.

ಅಷ್ಟರಲ್ಲಿ ಬೆಂಗಳೂರು ದಂಡಿನಿಂದ ಕರೆ ಬಂತು. ಮಿಲಿಟರಿ ಡಾಕ್ಟರುಗಳ ಬೋರ್ಡು ಕೂರುತ್ತಂತೆ. ಸಿಪಾಯಿಯ ಮೈ ನೋಡಿ, ನೂರರಲ್ಲಿ ಎಷ್ಟು ಪಾಲು ಕೆಟ್ಟಿದೆ ಅಂತ ಹೇಳ್ತಾರಂತೆ. ಇಪ್ಪತ್ತು ಮುಟ್ಟಿದರೆ ಬದುಕಿರೋವರೆಗೂ ಪೆನ್ಷನ್ನು, ಅದರಲ್ಲಿ ಉಳುಮೆಗೆ ಒಬ್ಬ ಆಳನ್ನ ಇಟ್ಟುಕೋಬಹುದು. ಇಪ್ಪತ್ತು ಮುಟ್ಟಲಿಲ್ಲವೋ, ಸಲಾಮು ಹೊಡೆದು ಮನೆಗೆ ಬರಬೇಕು. ಬಿಳಿಯರು ಇವತ್ತೋ ನಾಳೆಯೋ ಗಂಟುಮೂಟೆ ಕಟ್ಟುತ್ತಾರೆ ಅಂತ ಊರಲ್ಲೆಲ್ಲ ಮಾತು. ಹೋಗೋ ಮುಂಚೆ ಇದೊಂದು ಹೇಳಿ ಹೋಗಲಿ ಅಂತ ಮುನಿಶಾಮಪ್ಪ ಮನಸ್ಸಿನಲ್ಲೇ ಕೈ ಮುಗಿದ. ತಮ್ಮನ ನೋವು ನಿಜವೋ ಸುಳ್ಳೋ ಅಂತ ತೀರ್ಪು ಕೊಡೋ ಕರ್ಮ ತನ್ನ ತಲೆ ಮೇಲಿಂದ ಇಳಿದು ದೊಡ್ಡ ದೊಡ್ಡ ಡಾಕ್ಟರುಗಳ ತಲೆ ಮೇಲೆ ಕೂತಿತಲ್ಲ, ಅದೇ ಅವನಿಗೆ ಸಮಾಧಾನ.

ಎಲ್ಲರನ್ನೂ ಕೂರಿಸಿಕೊಂಡು ಹೇಳಿದ. "ನೋಡ್ರಪ್ಪಾ. ಬೋರ್ಡಿನೋರು ಇವನ ಕೈಲಾಗಲ್ಲ ಅಂದ್ರೆ ಒಲೆ ಒಂದೇ, ಸೊಲ್ಲೆತ್ತಂಗಿಲ್ಲ. ಗಟ್ಟಿಯಾಗವನೆ ಅಂದ್ರೆ ಭಾಗ. ಆಮೇಲೆ ನನ್ನ ಬೈಕೋಬೇಡಿ."

"ಆಗ್ಲಿ ಅಣ್ಣಾ," ಅಂದ ಲಕ್ಷ್ಮಯ್ಯ. ಸಪ್ಪಲಮ್ಮನೂ ಹೂಂ ಅಂದಳು.

ಹೋಗೋಕೆ ಮುಂಚೆ ಸೊಣ್ಣಮ್ಮ ಗಂಡನನ್ನ ಕೆಳಗಿನ ಬೀದಿಯ ಕದಿರಮ್ಮನ ಹತ್ತಿರ ಕರಕೊಂಡು ಹೋಗಿದ್ದಳು. ಕದಿರಮ್ಮ ಸುತ್ತಲ ಊರಿನವರ ಉಳುಕು, ಹೊಟ್ಟೆನೋವು ಎಲ್ಲ ನೋಡೋ ಮುದುಕಿ. ಜೊತೆಗೆ ಮುನಿಶಾಮಪ್ಪನೂ ಹೋಗಿ ನಿಂತಿದ್ದ. ಮುದುಕಿ ಲಕ್ಷ್ಮಯ್ಯನನ್ನ ಅಂಗಾತ ಮಲಗಿಸಿ, ಹೊಕ್ಕುಳ ಸುತ್ತ ಬೆರಳಿನಲ್ಲಿ ಒತ್ತಿ ಒತ್ತಿ ನೋಡಿ, ಹೊಕ್ಕುಳ ಮೇಲೆ ಪುಟ್ಟ ದೀಪ ಹಚ್ಚಿಟ್ಟು ಅದರ ಮೇಲೆ ಚೊಂಬು ಕವಿಚಿ ಹಾಕಿದಳು. ಚೊಂಬು ಗಬಕ್ಕನೆ ಚರ್ಮ ಕಚ್ಚಿಕೊಂಡಿತು.

"ಹೊಕ್ಕುಳು ಜಾರದೆ ಕಣಪ್ಪಾ," ಅಂದಳು. "ಲಾರಿಯಿಂದ ಬಿದ್ನಲ್ಲ, ಅವತ್ತೇ ಜಾಗ ಬಿಟ್ಟದೆ. ಅದು ಮುಂದಕ್ಕೆ ಎಳೆದ್ರೆ ಹೊಟ್ಟೆ, ಹಿಂದಕ್ಕೆ ಎಳೆದ್ರೆ ಸೊಂಟ. ಎಲ್ಲಾ ಒಂದೇ ಕಾಯಿಲೆ."

ಮುನಿಶಾಮಪ್ಪನಿಗೆ ಅಬ್ಬಾ ಅನ್ನಿಸಿತು. ಅವನ ಲೆಕ್ಕ ಇಷ್ಟು, ಊರಿನ ಲೆಕ್ಕವೂ ಅದೇ. ಸೊಂಟ ಅನ್ನೋದು, ಹೊಟ್ಟೆ ಅನ್ನೋದು, ದಿನಕ್ಕೊಂದು ಹೇಳೋನು ನೆವ ಹೇಳ್ತಾವ್ನೆ ಅಂತ ಜನ ನಗ್ತಾರೆ. ಅದೇ ಒಂದೇ ಒಂದು ದೊಡ್ಡ ಕಾಯಿಲೆ, ಅದಕ್ಕೊಂದು ಹೆಸರು, ಹುಟ್ಟಿದ್ದು ಇಂಥ ದಿನ ಅಂತ ಇದ್ದರೆ ಯಾರೂ ಉಸಿರೆತ್ತಲ್ಲ. ಕದಿರಮ್ಮ ಎರಡು ಪುಡಿ ನೋವನ್ನ ಕೂಡಿಸಿ ಒಂದು ಗಟ್ಟಿ ಕಾಯಿಲೆ ಮಾಡಿಕೊಟ್ಟಳಲ್ಲ ಅಂತ ಅವನಿಗೆ ಖುಷಿಯಾಗಿ, ಮುದುಕಿಗೆ ಎಲೆ ಅಡಿಕೆ ಜೊತೆ ಒಂದು ಸೇರು ಹುರುಳಿಯನ್ನೂ ಕಳಿಸಿಕೊಟ್ಟ.

ಬೋರ್ಡಿನ ದಿನ ಅಣ್ಣತಮ್ಮಂದಿರು ದೊಡ್ಡಬಳ್ಳಾಪುರಕ್ಕೆ ನಡೆದು ಬಂದು ಇದ್ದಿಲು ಬಸ್ಸು ಹತ್ತಿದರು. ಹಿಂದುಗಡೆ ಒಲೆ ಕಟ್ಟಿಕೊಂಡು ಹೊಗೆ ಕಾರುತ್ತಾ ಹೋಗೋ ಬಸ್ಸು ಅದು, ಏರು ಬಂದರೆ ಏದುಸಿರು ಬಿಡೋದು. ಒಂದೊಂದು ಗುಂಡಿಗೂ ಲಕ್ಷ್ಮಯ್ಯ ಮುಂದಿನ ಸೀಟಿನ ಕಂಬಿಯನ್ನ ಎರಡು ಕೈಯಲ್ಲಿ ಹಿಡಿದು ಕುಂಡೆ ಎತ್ತಿಬಿಡುತ್ತಿದ್ದ. ರಾಜಾನುಕುಂಟೆ ದಾಟುತ್ತಿದ್ದ ಹಾಗೆ ಅವನ ಮುಖ ಬೆಳ್ಳಗಾಯಿತು. "ಅಣ್ಣಾ, ನಿಲ್ಸೋಕೆ ಹೇಳು," ಅಂದ. ಮುನಿಶಾಮಪ್ಪ ಕೂಗಿ ನಿಲ್ಲಿಸಿದ. ತಮ್ಮ ಕತ್ತಾಳೆ ಮರೆಗೆ ಹೋದವನು ಬೇಗ ಬರಲಿಲ್ಲ.

"ಏನ್ ಗುರು, ಮಗು ಹೆರೋಕೆ ಹೋಗವನಾ?" ಅಂದ ಕಂಡಕ್ಟರು. ಬಸ್ಸಿನವರೆಲ್ಲ ನಕ್ಕರು. ಮುನಿಶಾಮಪ್ಪನೂ ಒಂದಿಷ್ಟು ನಕ್ಕ, ನಗದಿದ್ದರೆ ಚೆನ್ನಾಗಿರಲ್ಲ ಅಂತ. ಅವನಿಗೆ ತಮ್ಮನ ಮೇಲೂ ಸಿಟ್ಟು, ಕಂಡಕ್ಟರ ಮೇಲೂ ಸಿಟ್ಟು, ತನ್ನ ಮೇಲಂತೂ ಹೇಳತೀರದು.

ದಂಡಿನಲ್ಲಿ ಜಟಕಾ ಇಳಿದು ಹೋದರೆ, ಉದ್ದನೆಯ ಪಡಸಾಲೆ ತುಂಬ ಸಿಪಾಯಿಗಳು. ಎಲ್ಲರೂ ಒಂದೊಂದು ಕಡೆ ಮೈ ಹಿಡಕೊಂಡು ಕೂತಿದ್ದರು. ಮಧ್ಯಾಹ್ನದ ಹೊತ್ತಿಗೆ ಲಕ್ಷ್ಮಯ್ಯನನ್ನ ಒಳಗೆ ಕರೆದರು. ಮುನಿಶಾಮಪ್ಪ ಹೊರಗೆ ಕೂತು ತೂಕಡಿಸುತ್ತಿದ್ದಾಗ ಒಬ್ಬ ಗುಮಾಸ್ತ ಬಾಗಿಲಿಗೆ ಬಂದು, "ಲಕ್ಷ್ಮಯ್ಯನ ಮನೆ ಕಡೆಯೋರು ಯಾರ್ರೀ?" ಅಂತ ಕೇಳಿದ. ಅವನ ಹೆಸರು ವೆಂಕಟರಾಯಪ್ಪ, ದೇವನಹಳ್ಳಿ ಕಡೆಯವನು. ಡಾಕ್ಟರುಗಳ ಇಂಗ್ಲಿಷನ್ನ ಸಿಪಾಯಿಗಳಿಗೆ ಕನ್ನಡದಲ್ಲಿ ಹೇಳೋದು ಅವನ ಕೆಲಸ.

"ನಾನೇ ಸ್ವಾಮಿ, ಅಣ್ಣ ಆಗ್ಬೇಕು."

"ಬಾರಪ್ಪಾ ಒಳಗೆ. ಸಾಹೇಬ್ರು ಏನೋ ಕೇಳ್ಬೇಕಂತೆ."

ಒಳಗೆ ಮೇಜಿನ ಹಿಂದೆ ಮೂವರು ಡಾಕ್ಟರುಗಳು, ನಡುವೆ ಒಬ್ಬ ಬಿಳಿ ಕರ್ನಲ್. ಮುನಿಶಾಮಪ್ಪನ ಕಣ್ಣು ಅವರ ಮೇಲೆ ನಿಲ್ಲಲಿಲ್ಲ. ಲಕ್ಷ್ಮಯ್ಯ ಬರೀ ಚಡ್ಡಿಯಲ್ಲಿ ನಿಂತಿದ್ದ. ಊರಿಗೆ ಬಂದಾಗಿನಿಂದ ಅವನು ಮಿಲಿಟರಿ ಬನೀನು ತೆಗೆದದ್ದನ್ನ ಅಣ್ಣ ಕಂಡಿರಲಿಲ್ಲ. ಈಗ ನೋಡಿದರೆ ಪಕ್ಕೆಯ ಮೂಳೆಗಳು ಎಣಿಸೋ ಹಾಗಿವೆ, ಹೊಟ್ಟೆ ಬೆನ್ನಿಗೆ ಹತ್ತಿದೆ, ಚಡ್ಡಿ ನಿಲ್ಲಲಿ ಅಂತ ಒಂದು ಕೈಯಲ್ಲಿ ಹಿಡಕೊಂಡಿದ್ದಾನೆ. ಇದೇ ಮೈಯನ್ನ ಇವನು ಸಣ್ಣವನಾಗಿದ್ದಾಗ ಕುಂಟೆಯ ನೀರಲ್ಲಿ ಉಜ್ಜಿ ಉಜ್ಜಿ ತೊಳೆದದ್ದು ಮುನಿಶಾಮಪ್ಪನಿಗೆ ನೆನಪಾಯಿತು. ಇವನಿಗಾಗಿ ಏನು ಬೇಕಾದರೂ ಹೇಳ್ತೀನಿ ಅಂತ ಆ ಕ್ಷಣದಲ್ಲಿ ಅಂದುಕೊಂಡ.

ಕರ್ನಲ್ ಏನೋ ಕೇಳಿದ. ಅವನ ದನಿಯೂ ಬಳಲಿತ್ತು, ಬೆಳಿಗ್ಗೆಯಿಂದ ಇದೇ ಕೆಲಸ ಅವನಿಗೆ. ವೆಂಕಟರಾಯಪ್ಪ ಕನ್ನಡದಲ್ಲಿ ಹೇಳಿದ. "ನೋಡಪ್ಪಾ, ಫೋಟೋ ತೆಗೆದು ನೋಡಿದ್ರು, ಮೂಳೆ ನೆಟ್ಟಗಿದೆ. ಈ ಸೊಂಟನೋವು ಬೇರೆಯೋ, ಇಲ್ಲಾ ಹೊಟ್ಟೆನೋವೇ ಹಿಂದಕ್ಕೆ ಹೊಡೀತಿದೆಯೋ ಅಂತ ಸಾಹೇಬ್ರಿಗೆ ಅನುಮಾನ. ನೀನು ದಿನಾ ನೋಡೋನು. ಹೊಟ್ಟೆ ಸುಮ್ಮನಿರೋ ದಿನವೂ ಇವನ ಸೊಂಟ ನೋಯುತ್ತಾ? ಸೊಂಟ ಸುಮ್ಮನಿರೋ ದಿನ ಹೊಟ್ಟೆ ನೋಯುತ್ತಾ?"

ಮುನಿಶಾಮಪ್ಪನ ನಾಲಿಗೆ ತುದಿಗೆ ಅದೇ ಹಾಳು ಮಾತು ಬಂತು. ಉಳೋ ದಿನ ಸೊಂಟ, ಉಣ್ಣೋ ದಿನ ಹೊಟ್ಟೆ. ಛೀ, ಸಾಯಲಿ, ಅಂದುಕೊಂಡು ನುಂಗಿದ. ಇವರೂ ಅರಳಿಕಟ್ಟೆಯವರ ಹಾಗೆ ನಕ್ಕು ಅಟ್ಟಿಬಿಡಬೇಕಾ? ಗಂಟಲು ಸರಿ ಮಾಡಿಕೊಂಡು ಕೈ ಮುಗಿದ.

"ಎಲ್ಲಾದ್ರೂ ಉಂಟಾ ಬುದ್ಧೀ! ಬೇರೆ ಬೇರೆ ಅಲ್ಲವೇ ಅಲ್ಲ, ಎರಡೂ ಒಂದೇ. ಬಂದ್ರೆ ಒಟ್ಟಿಗೇ ಬರುತ್ತೆ, ಹೋದ್ರೆ ಒಟ್ಟಿಗೇ ಹೋಗುತ್ತೆ. ಲಾರಿಯಿಂದ ಬಿದ್ದಾಗ ಹೊಕ್ಕುಳು ಜಾರದೆ ಬುದ್ಧೀ, ಅದೇ ಮುಂದಕ್ಕೂ ಎಳೆಯುತ್ತೆ, ಹಿಂದಕ್ಕೂ ಎಳೆಯುತ್ತೆ." ತನ್ನ ಅಂಗಿ ಎತ್ತಿ, ಹೊಕ್ಕುಳ ಮೇಲೆ ಬೆರಳಿಟ್ಟು, ಅಲ್ಲಿಂದ ಸೊಂಟದವರೆಗೆ ಎಳೆದು ತೋರಿಸಿದ. "ಒಂದೇ ಕಾಯಿಲೆ, ದೊಡ್ಡ ಕಾಯಿಲೆ. ಇವನು ಸುಳ್ಳು ಹೇಳೋನಲ್ಲ."

ಲಕ್ಷ್ಮಯ್ಯ ಅಣ್ಣನ ಕಡೆ ತಿರುಗಿ ಬಾಯಿ ತೆರೆದ. ಏನೋ ಹೇಳೋಕೆ ಹೋದವನು ಹೇಳಲಿಲ್ಲ, ನೆಲ ನೋಡಿಕೊಂಡು ನಿಂತ. ಗುಮಾಸ್ತ ಇಂಗ್ಲಿಷಿನಲ್ಲಿ ಹೇಳಿದ್ದನ್ನ ಕೇಳಿ ಕರ್ನಲ್ ತಲೆ ಆಡಿಸಿದ, ಪಕ್ಕದ ಡಾಕ್ಟರ ಕಡೆ ನೋಡಿದ, ಅವನೂ ತಲೆ ಆಡಿಸಿದ. ಬರೆದುಕೊಂಡರು. ತನ್ನ ಮಾತನ್ನ ಇಷ್ಟು ದೊಡ್ಡ ಮನುಷ್ಯರು ಬರೆದುಕೊಂಡರಲ್ಲ ಅಂತ ಮುನಿಶಾಮಪ್ಪ ಎದೆ ಉಬ್ಬಿಸಿಕೊಂಡು ಹೊರಗೆ ಬಂದ. ಗೆದ್ದೆ ಅಂತಲೇ ಅಂದುಕೊಂಡಿದ್ದ, ಮುಟ್ಠಾಳ.

ಸಾಯಂಕಾಲದ ಹತ್ತಿರ ವೆಂಕಟರಾಯಪ್ಪ ಬೀಡಿ ಸೇದೋಕೆ ಹೊರಗೆ ಬಂದವನು ಇವರಿದ್ದ ಮರದ ಕೆಳಗೇ ಬಂದು ನಿಂತ.

"ಆಗಲಿಲ್ಲ ಕಣಪ್ಪಾ. ಹದಿನೈದು ಹಾಕವ್ರೆ."

"ಯಾವುದಕ್ಕೆ ಸ್ವಾಮಿ?"

"ಎಲ್ಲಕ್ಕೂ ಸೇರಿ."

ಮುನಿಶಾಮಪ್ಪನಿಗೆ ಅರ್ಥವಾಗಲಿಲ್ಲ. ಗುಮಾಸ್ತ ಕೆಟ್ಟವನಲ್ಲ, ಬಿಡಿಸಿ ಹೇಳಿದ. ಸೊಂಟ ಬೇರೆ ಕಾಯಿಲೆ ಅಂತ ಆಗಿದ್ದರೆ ಅದಕ್ಕೊಂದು ಹದಿನೈದು, ಹೊಟ್ಟೆಗೊಂದು ಹದಿನೈದು. ಎರಡನ್ನೂ ಇಟ್ಟು ನೋಡಿದರೆ, ಪೂರ್ತಿ ಕೂಡಿಸಲ್ಲ, ಆದರೂ ಇಪ್ಪತ್ತು ದಾಟುತ್ತಿತ್ತು. ಎರಡೂ ಒಂದೇ ಅಂತಾದರೆ ಒಂದೇ ಸಲ ಎಣಿಸೋದು. "ಹೊಟ್ಟೆನೋವಿಂದ ಬಗ್ಗೋಕಾಗಲ್ಲ, ಸೊಂಟನೋವಿಂದಲೂ ಬಗ್ಗೋಕಾಗಲ್ಲ. ಬಗ್ಗೋಕಾಗದ ಮನುಷ್ಯ ಒಬ್ಬನೇ ಅಲ್ವಾ? ಒಂದು ಬಾಗಿಲಿಗೆ ಎರಡು ಬೀಗ ಹಾಕಿದ್ರೂ ಬಾಗಿಲು ಒಂದೇ ಅಂತಾರೆ ಇವರು. ನಿನ್ನ ತಮ್ಮ ಬೇರೆ ಬೇರೆ ಅಂತಲೇ ಹೇಳ್ದ. ಅವನ ಮಾತು ಸಾಲದು ಅಂತ ನಿನ್ನ ಕರೆದ್ರು."

"ನಾನು..." ಅಂದ ಮುನಿಶಾಮಪ್ಪ. "ನಾನು ಒಂದೇ ಅಂದೆ."

"ಬೊಬ್ಬೆ ಹೊಡೆದು ಅಂದೆ."

"ಈಗ್ಲೇ ಹೋಗಿ ಎರಡು ಅಂತೀನಿ ಸ್ವಾಮಿ. ಕಾಲಿಗೆ ಬೀಳ್ತೀನಿ. ನಂಗೇನು ಗೊತ್ತಿತ್ತು, ಒಂದು ದೊಡ್ಡ ಕಾಯಿಲೆ ಅಂದ್ರೆ ಮರ್ಯಾದೆ ಅಂತ..."

"ಈಗ ಆಗಲ್ಲಪ್ಪಾ. ಅಪೀಲು ಅಂತ ಒಂದಿದೆ. ಮತ್ತೆ ಬೋರ್ಡು ಕೂರುತ್ತೆ, ಮತ್ತೆ ಎಲ್ಲಾ ನೋಡ್ತಾರೆ. ವರ್ಷವೋ ಎರಡು ವರ್ಷವೋ. ಯಾರಿರ್ತಾರೋ, ಯಾರ ಸರ್ಕಾರವೋ."

"ಬೇಡ," ಅಂದ ಲಕ್ಷ್ಮಯ್ಯ. ಮರದ ಬೇರಿನ ಮೇಲೆ ಕೂತಿದ್ದವನು ಕೈಯೂರಿ ಎದ್ದ. "ನಾನು ಇನ್ನೊಂದ್ಸಲ ಬಟ್ಟೆ ಬಿಚ್ಚಿ ನಿಲ್ಲಲ್ಲ. ನೋವು ತೋರಿಸ್ಕೊಂಡು ತಿರುಗೋಕೆ ನನ್ ಕೈಲಾಗಲ್ಲ. ನಡಿ ಅಣ್ಣಾ, ಬಸ್ಸು ಹೋಗುತ್ತೆ."

ಕೊನೆಯ ಬಸ್ಸು ತಪ್ಪಿಹೋಗಿತ್ತು. ಯಾವುದೋ ಛತ್ರದ ಜಗಲಿಯಲ್ಲಿ ಬಿದ್ದಿದ್ದು ಬೆಳಿಗ್ಗೆ ಬಸ್ಸು ಹತ್ತಿದರು. ಅದೇ ಕಂಡಕ್ಟರು ಲಕ್ಷ್ಮಯ್ಯನನ್ನ ನೋಡಿ ಏನೋ ಅನ್ನೋಕೆ ಬಾಯಿ ತೆರೆದ ಕೂಡಲೇ ಮುನಿಶಾಮಪ್ಪ ಎದ್ದು ನಿಂತು, "ಮುಚ್ಚಲೇ ಬಾಯಿ, ಹಲ್ಲು ಉದುರಿಸ್ತೀನಿ" ಅಂತ ಅರಚಿದ. ಬಸ್ಸಿನವರೆಲ್ಲ ತಿರುಗಿ ನೋಡಿದರು.

ದೊಡ್ಡಬಳ್ಳಾಪುರದಿಂದ ಊರಿನ ದಾರಿ ಹಿಡಿದು ನಡೆದರು. ದಾರಿಯ ಎರಡೂ ಕಡೆ ಮಳೆ ಬಿದ್ದು ಹದವಾದ ಹೊಲಗಳು, ಎಲ್ಲರೂ ನೇಗಿಲು ಕಟ್ಟಿ ಉಳುತ್ತಿದ್ದರು. ಹೊಂಗೆ ಮರ ಒಂದು ಸಿಕ್ಕಿದಾಗ ಲಕ್ಷ್ಮಯ್ಯ ಮೆಲ್ಲಗೆ ಮಂಡಿಯೂರಿ, ಆಮೇಲೆ ಪಕ್ಕಕ್ಕೆ ಒರಗಿ, ನೆಲದ ಮೇಲೆ ಮಲಗಿಬಿಟ್ಟ. ಕಾಲು ಎದೆಗೆ ಮಡಚಿಕೊಂಡ. ಮುನಿಶಾಮಪ್ಪ ಪಕ್ಕದಲ್ಲಿ ನಿಂತ. ಕೂತರೆ ಏಳೋದು ಕಷ್ಟ.

"ಲಕ್ಷ್ಮಾ," ಅಂದ. "ನಾನು ತಪ್ಪು ಹೇಳ್ತಿದ್ದಾಗ ಅಲ್ಲಾಂತ ಅನ್ನಬಾರದಿತ್ತೇನೋ?"

"ಅಷ್ಟು ಜನರ ಮುಂದೆ ನಿನ್ ಮಾತಿಗೆ ಅಡ್ಡ ಹೇಳೋಕಾಗುತ್ತಾ ಅಣ್ಣಾ?"

ಮುನಿಶಾಮಪ್ಪ ಟವಲಿನಲ್ಲಿ ಮುಖ ಒರೆಸಿಕೊಂಡ. ಬೆವರೂ ಇತ್ತು, ಕಣ್ಣೀರೂ ಇತ್ತು. ಲಕ್ಷ್ಮಯ್ಯ ಮಲಗಿದಲ್ಲಿಂದಲೇ ಕೇಳಿದ.

"ಬೋರ್ಡು ಬಿಟ್ಹಾಕು. ನೀನು ಹೇಳು. ನಂಗೆ ನೋವಿದೆ ಅಂತ ನಿಂಗೆ ಅನ್ಸುತ್ತಾ?"

"ಅಲ್ಲಿ ಹೇಳಲಿಲ್ವೇನೋ, ಅಷ್ಟು ದೊಡ್ಡ ಕಾಯಿಲೆ ಅಂತ?"

"ಅದು ಅವರಿಗೆ ಹೇಳಿದ್ದು. ನಂಗೆ ಹೇಳು."

ಹೌದು ಅಂದುಬಿಡೋದು ಸುಲಭ. ಆದರೆ ಮುನಿಶಾಮಪ್ಪನಿಗೆ ನಿಜವಾಗಿ ಗೊತ್ತಿರಲಿಲ್ಲ. ಈ ಮೈಯೊಳಗೆ ಏನಾಗುತ್ತಿದೆ ಅಂತ ಫೋಟೋ ತೆಗೆದವರಿಗೇ ಕಾಣಲಿಲ್ಲ, ತನಗೆ ಹೇಗೆ ಕಾಣುತ್ತೆ? ಹೌದು ಅಂದರೆ ಸಾಯೋವರೆಗೆ ಎರಡು ಪಾಲಿನ ನೇಗಿಲು ತನ್ನ ಹೆಗಲ ಮೇಲೆ. ಇಲ್ಲ ಅಂದರೆ ಇವನು ಇಲ್ಲೇ ಹೀಗೇ ನೆಲ ಹಿಡೀತಾನೆ. ಇದನ್ನ ಸರ್ಕಾರ ಹೇಳಲಿ ಅಂತ ತಾನೇ ಅಷ್ಟು ದೂರ ಹೋದದ್ದು? ಅವನು ಹೊಲದ ಕಡೆ ನೋಡಿಕೊಂಡು ನಿಂತೇ ಇದ್ದ.

"ಬಿಡು," ಅಂದ ಲಕ್ಷ್ಮಯ್ಯ. ಮರ ಹಿಡಿದು ಎದ್ದ. ಇಬ್ಬರೂ ಊರ ಕಡೆ ನಡೆದರು.

ಮನೆ ಮುಂದೆ ಸಪ್ಪಲಮ್ಮ ರಾಗಿ ಕೇರುತ್ತಿದ್ದಳು. ಇವರನ್ನ ಕಂಡು ಮೊರ ಕೆಳಗಿಟ್ಟಳು. ಸೊಣ್ಣಮ್ಮ ಕೊಟ್ಟಿಗೆಯಿಂದ ಸಗಣಿ ಕೈಯಲ್ಲೇ ಓಡಿ ಬಂದು ಬಾಗಿಲ ಹತ್ತಿರ ನಿಂತಳು.

"ಏನಂತೆ?" ಅಂದಳು ಸಪ್ಪಲಮ್ಮ.

ಮುನಿಶಾಮಪ್ಪ ಬಾಯಿ ತೆರೆಯೋಕೆ ಮುಂಚೆ ಲಕ್ಷ್ಮಯ್ಯನೇ ಹೇಳಿದ. "ಇಲ್ಲ ಅಂದ್ರು ಅತ್ತಿಗೆ. ಅಣ್ಣ ಆಡಿದ ಮಾತು ಅಣ್ಣ ಉಳಿಸ್ಕೊಳ್ಳಿ. ನಾಳೆ ಊರೋರನ್ನ ಕರೆಸಿ, ಭಾಗ ಮಾಡ್ಕೊಳ್ಳೋಣ. ಯಾವ ಕಡೆ ಕೊಟ್ರೂ ಸರಿ." ತನ್ನ ಹೆಂಡತಿ ಕಡೆ ಅವನು ನೋಡಲಿಲ್ಲ.

ಸಪ್ಪಲಮ್ಮನೂ ಕಲ್ಲಲ್ಲ. ಅವಳ ಮುಖದಲ್ಲಿ ಗೆದ್ದೆ ಅನ್ನೋದು ಏನೂ ಇರಲಿಲ್ಲ. "ಊಟ ಮಾಡಿ ಮೊದ್ಲು," ಅಂತ ಒಳಗೆ ತಿರುಗಿದಳು.

"ನಿಂತ್ಕೋ," ಅಂದ ಮುನಿಶಾಮಪ್ಪ.

ಅವಳು ನಿಂತಳು.

"ಭಾಗ ಇಲ್ಲ. ಒಲೆ ಒಂದೇ."

"ಬೋರ್ಡಿನೋರು ಇಲ್ಲ ಅಂದ್ರಂತಲ್ಲ?"

"ಅಂದ್ರು. ಅದೂ ನನ್ ಬಾಯಿಂದ ಕೆಟ್ಟಿದ್ದು, ಆಮೇಲೆ ಹೇಳ್ತೀನಿ. ಸಪ್ಪಲಾ, ಇವನ ನೋವು ನಂಗೆ ಗೊತ್ತಿಲ್ಲ. ಗೊತ್ತಾಗೋದೂ ಇಲ್ಲ. ಇದೆ ಅಂತ ಇವನು ಹೇಳ್ತಾನೆ. ಇವನು ಹೇಳಿದ್ನ ನಾನು ನಂಬ್ತೀನಿ. ಸೊಂಟ ಬೇರೆ, ಹೊಟ್ಟೆ ಬೇರೆ, ಎರಡೂ ನಂಬ್ತೀನಿ. ಇನ್ ಮೇಲೆ ಈ ಮನೇಲಿ ಯಾರೂ ಇದನ್ನ ಕೇಳಂಗಿಲ್ಲ."

"ಉಳೋರು ಯಾರು?"

"ನಾನೇ ಉಳ್ತೀನಿ. ಆಗೋವರೆಗೂ ಉಳ್ತೀನಿ."

ಸಪ್ಪಲಮ್ಮ ಗಂಡನನ್ನ ದಿಟ್ಟಿಸಿ ನೋಡಿದಳು. ಬೈತಾಳೆ ಅಂತ ಅವನು ಕಾದ. ಅವಳು ಬೈಯಲಿಲ್ಲ. ಒಳ್ಳೇದು ಮಾಡಿದೆ ಅನ್ನೋ ಖುಷಿ ಅವನಿಗೂ ಏನೂ ಆಗಲಿಲ್ಲ, ಮೈಯೆಲ್ಲ ಸೀಸ ಹುಯ್ದ ಹಾಗೆ ಭಾರವಾಗಿತ್ತು ಅಷ್ಟೇ.

ಲಕ್ಷ್ಮಯ್ಯ ಜಗಲಿ ಹತ್ತಿ ಗೋಡೆಗೆ ಬೆನ್ನು ಕೊಟ್ಟ. ಕೂರಲಿಲ್ಲ. ಗೋಡೆಗುಂಟ ಜಾರಿ ಹಾಗೇ ಕೆಳಗೆ ಮಲಗಿದ. ಮೊದಲು ಅವನ ಬಾಯಿಂದ ಸಣ್ಣಗೆ ಒಂದು ಸದ್ದು ಬಂತು. ಆಮೇಲೆ ಅದು ದೊಡ್ಡದಾಯಿತು. "ಅಯ್ಯೋ ಅಮ್ಮಾ," ಅಂದ, "ಅಮ್ಮಾ, ಆಗಲ್ಲ ಕಣಮ್ಮಾ," ಅಂತ ನರಳೋಕೆ ಹತ್ತಿದ. ಹೊಟ್ಟೆ ಹಿಡಕೊಂಡು ಒಂದು ಕಡೆ ಹೊರಳೋನು, ಸೊಂಟ ಹಿಡಕೊಂಡು ಇನ್ನೊಂದು ಕಡೆ ಹೊರಳೋನು, ನಾಚಿಕೆ ಬಿಟ್ಟು ಸಣ್ಣ ಮಗುವಿನ ಹಾಗೆ ಅರಚೋನು. ಬೀದಿಯಲ್ಲಿ ಹೋಗೋರು ನಿಂತು ನೋಡಿದರು.

ಒಂದು ವರ್ಷ ಅವನು ಹೀಗೆ ಒಂದು ಸಲವೂ ನರಳಿರಲಿಲ್ಲ. ನರಳಿದರೆ ನಾಟಕ ಅಂತಾರೆ ಅಂತ ಹಲ್ಲು ಕಚ್ಚಿಕೊಂಡು ಕೂತಿದ್ದವನು, ಈಗ ಯಾರಿಗೂ ಏನನ್ನೂ ತೋರಿಸಿಕೊಡಬೇಕಾಗಿಲ್ಲ ಅಂತ ಆದ ಮೇಲೆ, ಅಷ್ಟೂ ದಿನದ್ದನ್ನ ಒಟ್ಟಿಗೇ ಬಿಟ್ಟಿದ್ದ.

ಸಪ್ಪಲಮ್ಮ ಬಾಗಿಲ ತೋಳು ಹಿಡಿದು ನಿಂತುಬಿಟ್ಟಳು. "ಶಿವನೇ," ಅಂದಳು, "ಇಷ್ಟೊಂದಿತ್ತಾ?"

"ಇದಕ್ಕಿಂತ ಇತ್ತಕ್ಕಾ," ಅಂದಳು ಸೊಣ್ಣಮ್ಮ. ಸಗಣಿ ಕೈಯನ್ನ ಸೀರೆಗೆ ಒರೆಸಿಕೊಂಡು ಹೋಗಿ ಗಂಡನ ತಲೆಯನ್ನ ತೊಡೆ ಮೇಲೆ ಎತ್ತಿಟ್ಟುಕೊಂಡಳು. ಮುನಿಶಾಮಪ್ಪ ಕಂಬ ಹಿಡಿದು, ಮಂಡಿ ಕಟಕಟ ಅನ್ನಿಸಿಕೊಂಡು, ತಮ್ಮನ ಕಾಲ ಹತ್ತಿರ ಕೂತ.